ಇಪ್ಪತ್ತೈದು ವರ್ಷದ ಕಡತ

ವಿದೇಶಾಂಗ ಸೇವೆಗೆ ಸೇರಬೇಕೆಂದು ಓದುತ್ತಿದ್ದೀಯಂತೆ, ನಿನ್ನಪ್ಪ ಫೋನಿನಲ್ಲಿ ಹೇಳಿದ. ಸಂತೋಷ ಕಣಮ್ಮ. ಪರೀಕ್ಷೆ ಬರೆಯುವ ಮೊದಲೇ ಯಾವ ದೇಶಕ್ಕೆ ಹಾಕುತ್ತಾರೋ, ದೊಡ್ಡ ರಾಜಧಾನಿ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ನಿನಗೆ ಹತ್ತಿದೆಯೆಂದೂ ಅಂದ. ಅದಕ್ಕೇ ಅಬ್ದುಲ್‌ರಹೀಂ ಅಬ್ಬಿ ಫರಾ ಎಂಬ ಸೊಮಾಲಿ ರಾಯಭಾರಿಯ ವಿಷಯ ನಿನಗೆ ಬರೆಯೋಣ ಎನ್ನಿಸಿತು. ನಿನ್ನ ಗೈಡುಗಳಲ್ಲಿ ಈ ಹೆಸರು ಇರಲಾರದು.

ಅವರು ಹುಟ್ಟಿದ್ದು ಸೊಮಾಲಿಯಾದಲ್ಲಲ್ಲ, ವೇಲ್ಸ್‌ನ ಬ್ಯಾರಿ ಎಂಬ ಬಂದರಿನಲ್ಲಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಕಲ್ಲಿದ್ದಲು ರಫ್ತಿನಲ್ಲಿ ಆ ಬಂದರಿಗೆ ಭಾರಿ ಹೆಸರು. ಹಡಗಿನ ಕುಲುಮೆಗೆ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಬಂದ ಸೊಮಾಲಿಗಳು, ಯೆಮನಿಗಳು ಆ ಕರಾವಳಿಯಲ್ಲಿ ನೆಲೆಸಿದ್ದರು. ಯುದ್ಧ ಮುಗಿದು ಬಿಳಿಯ ಸೈನಿಕರು ಊರಿಗೆ ಮರಳಿ, ಇದ್ದ ಕೆಲಸ ಸಾಲದಾದಾಗ, 1919ರ ಜೂನಿನಲ್ಲಿ ನ್ಯೂಪೋರ್ಟ್, ಕಾರ್ಡಿಫ್, ಬ್ಯಾರಿಗಳಲ್ಲಿ ಕಪ್ಪುಜನರ ಮೇಲೆ ಗುಂಪುಗಳು ಏರಿಹೋದವು. ಅದೇ ವರ್ಷ ಅಕ್ಟೋಬರಿನಲ್ಲಿ ಸೊಮಾಲಿ ತಂದೆಗೆ ಈ ಮಗ ಹುಟ್ಟಿದ. ಇದರಿಂದಲೇ ಅವರು ವರ್ಣಭೇದದ ವಿರುದ್ಧ ನಿಂತರು ಎಂದು ಬರೆದುಬಿಡುವುದು ಸುಲಭ. ನಾನು ಬರೆಯುವುದಿಲ್ಲ. ಇನ್ನೂ ಹುಟ್ಟದ ಕೂಸಿಗೆ ಗಲಭೆ ಏನು ಗೊತ್ತು?

1960ರಲ್ಲಿ ಸೊಮಾಲಿಯಾ ಸ್ವತಂತ್ರವಾಯಿತು. ಮರುವರ್ಷವೇ ಫರಾ ಅವರನ್ನು ನೆರೆಯ ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಕ್ಕೆ ರಾಯಭಾರಿಯಾಗಿ ಕಳಿಸಿದರು. ನಮ್ಮವರನ್ನು ಇಸ್ಲಾಮಾಬಾದಿಗೆ ಹಾಕಿದ ಹಾಗೆ ಅಂದುಕೋ. ಇಥಿಯೋಪಿಯಾದ ಒಗಾಡೆನ್ ಪ್ರದೇಶದ ಸೊಮಾಲಿಗಳ ಮೇಲೆ ಯಾರ ಹಕ್ಕು ಎಂಬ ಎರಡೂ ದೇಶಗಳ ಜಗಳ 1964ರಲ್ಲಿ ಯುದ್ಧಕ್ಕೇ ತಿರುಗಿತು. ವಸಾಹತುಗಾರರು ಎಳೆದ ಗಡಿಗಳನ್ನೇ ಉಳಿಸಿಕೊಳ್ಳೋಣವೆಂದು ಆಫ್ರಿಕಾದ ಬಹುಪಾಲು ದೇಶಗಳು ಅದೇ ವರ್ಷ ಕೈರೋದಲ್ಲಿ ತೀರ್ಮಾನಿಸಿದವು. ಸೊಮಾಲಿಯಾ ಒಪ್ಪಲಿಲ್ಲ, ಒಂಟಿಯಾಯಿತು. ಫರಾ ಅವರು 1961ರಿಂದ 1965ರವರೆಗೆ ಆಡಿಸ್ ಅಬಾಬದಲ್ಲೇ ಇದ್ದರು.

ಅಲ್ಲಿಂದ ನ್ಯೂಯಾರ್ಕಿಗೆ, ವಿಶ್ವಸಂಸ್ಥೆಯಲ್ಲಿ ಸೊಮಾಲಿಯಾದ ಕಾಯಂ ಪ್ರತಿನಿಧಿಯಾಗಿ. ಇಲ್ಲಿ ಸ್ವಲ್ಪ ನಿಂತು ಯೋಚಿಸು. ಬಡ ದೇಶ, ಕೈಯಲ್ಲಿ ದುಡ್ಡಿಲ್ಲ, ಗಡಿಯ ವಿಷಯ ಎತ್ತಿದರೆ ನೆರೆಯವರೆಲ್ಲ ಮುಖ ತಿರುಗಿಸುತ್ತಾರೆ. ಅಂಥವರಿಗೂ ಇಡೀ ಆಫ್ರಿಕಾದ ಜೊತೆ ನಿಂತು ಮಾತಾಡಲು ಸಾಧ್ಯವಿದ್ದ ಒಂದು ವಿಷಯ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿ. ಫರಾ ಅದನ್ನು ಹಿಡಿದರು, ಮತ್ತೆ ಬಿಡಲಿಲ್ಲ. 1969ರಿಂದ 1972ರವರೆಗೆ ವರ್ಣಭೇದ ವಿರೋಧಿ ವಿಶೇಷ ಸಮಿತಿಯ ಅಧ್ಯಕ್ಷರಾಗಿದ್ದರು. ಪಾಶ್ಚಾತ್ಯ ದೇಶಗಳು ಕಾಲಿಡಲು ಒಪ್ಪದ ಸಮಿತಿ ಅದು. ಅದರ ಕಚೇರಿ ಕೆಲಸಕ್ಕೆ ಮೊದಲಿನಿಂದ ಬೆನ್ನೆಲುಬಾಗಿದ್ದವರು ನಮ್ಮ ಆಂಧ್ರದ ಇ. ಎಸ್. ರೆಡ್ಡಿ. ದಕ್ಷಿಣ ಆಫ್ರಿಕಾದಲ್ಲಿದ್ದ ಭಾರತೀಯರ ಪಾಡನ್ನು 1946ರಲ್ಲಿ ವಿಶ್ವಸಂಸ್ಥೆಯ ಮುಂದೆ ಮೊದಲು ಇಟ್ಟದ್ದೂ ಭಾರತವೇ.

ಆ ಕುರ್ಚಿ ಮೆತ್ತನೆಯದೆಂದು ಭಾವಿಸಬೇಡ. ಫರಾ ಅವರಿಗಿಂತ ಮುಂಚೆ ಅದರಲ್ಲಿ ಕೂತಿದ್ದ ಗಿನಿ ದೇಶದ ಇಬ್ಬರು, ಡಿಯಾಲೊ ಟೆಲಿ ಮತ್ತು ಅಷ್ಕರ್ ಮಾರೂಫ್, ತಮ್ಮದೇ ಸರ್ಕಾರದ ಕೈಯಲ್ಲಿ ಸತ್ತರು. ಮಾರೂಫ್ ಅವರನ್ನು 1971ರಲ್ಲಿ ಗುಂಡಿಟ್ಟು ಕೊಂದರು. ಟೆಲಿ ಅವರನ್ನು 1977ರಲ್ಲಿ ಸೆರೆಮನೆಯಲ್ಲಿ ಅನ್ನನೀರಿಲ್ಲದೆ ಸಾಯಿಸಿದರು. ಫರಾ ಬದುಕುಳಿದರು. 1969ರ ಅಕ್ಟೋಬರಿನಲ್ಲಿ ಸೊಮಾಲಿಯಾದ ಅಧ್ಯಕ್ಷರ ಕೊಲೆಯಾಗಿ, ಸಿಯಾದ್ ಬರೆಯ ಸೇನೆ ಅಧಿಕಾರ ಕಸಿದುಕೊಂಡ ಮೇಲೂ ಅವರು ಹುದ್ದೆಯಲ್ಲಿ ಮುಂದುವರಿದರು. ಇದು ನನಗೆ ಪೂರ್ತಿ ಹಿಡಿಸುವುದಿಲ್ಲ. ಬಿಟ್ಟುಬಂದಿದ್ದರೆ ಯಾರಿಗೆ ಒಳ್ಳೆಯದಾಗುತ್ತಿತ್ತು ಎಂದರೆ ಅದಕ್ಕೂ ನನ್ನ ಬಳಿ ಉತ್ತರವಿಲ್ಲ. ನಿನಗೂ ಇಂಥ ದಿನ ಬಂದೀತು. ಸರ್ಕಾರ ಬದಲಾದಾಗ ನಿನ್ನ ಮೇಜಿನ ಮೇಲಿನ ಯಾವ ಕಡತಕ್ಕಾಗಿ ಉಳಿಯುತ್ತೇನೆ ಎಂದು ಕೇಳಿಕೊಂಡು, ಹೇಳಲು ಒಂದೂ ಇಲ್ಲದಿದ್ದರೆ ಎದ್ದು ಬಾ.

1972ರ ಜನವರಿಯಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ಸೊಮಾಲಿಯಾದ ಸರದಿ. ಮಂಡಳಿ ಮೊದಲ ಬಾರಿಗೆ ಆಫ್ರಿಕಾದಲ್ಲಿ ಸಭೆ ಸೇರಿದ್ದು ಆ ತಿಂಗಳ 28ರಂದು. ಎಲ್ಲಿ ಗೊತ್ತೇ? ಅದೇ ಆಡಿಸ್ ಅಬಾಬದಲ್ಲಿ! ಭಾರತವೂ ಆಗ ಸದಸ್ಯ. ನಮೀಬಿಯಾ, ವರ್ಣಭೇದ, ಪೋರ್ಚುಗಲ್ಲಿನ ವಸಾಹತುಗಳ ಬಗ್ಗೆ ನಿರ್ಣಯಗಳಾದವು. ರೊಡೇಷಿಯಾ (ಇಂದಿನ ಜಿಂಬಾಬ್ವೆ) ಕುರಿತು ಗಿನಿ, ಸೊಮಾಲಿಯಾ, ಸುಡಾನ್ ತಂದ ನಿರ್ಣಯಕ್ಕೆ ಬ್ರಿಟನ್ ವೀಟೊ ಹಾಕಿತು. ಒಂದೇ ಸಭೆಯಲ್ಲಿ ಗೆಲುವೂ ಸೋಲೂ, ಈ ಕೆಲಸದ ಜಾಯಮಾನವೇ ಅದು.

ಆಮೇಲೆ ಫರಾ ವಿಶ್ವಸಂಸ್ಥೆಯ ಸಚಿವಾಲಯಕ್ಕೇ ಸೇರಿ ಅಧೀನ ಮಹಾಕಾರ್ಯದರ್ಶಿಯಾದರು. ನನಗೆ ಎಲ್ಲಕ್ಕಿಂತ ಹಿಡಿಸುವುದು ಆ ಕಾಲದ ಅವರ ಕೆಲಸ. 1976ರಲ್ಲಿ ದಕ್ಷಿಣ ಆಫ್ರಿಕಾ ತನ್ನದೇ ನೆಲದ ಟ್ರಾನ್ಸ್‌ಕೈ ಎಂಬ ತುಂಡಿಗೆ ಹುಸಿ ಸ್ವಾತಂತ್ರ್ಯ ಕೊಟ್ಟಿತು. ಸುತ್ತ ನಾಲ್ಕೂ ಕಡೆ ದಕ್ಷಿಣ ಆಫ್ರಿಕಾವೇ ಇರುವ ಪುಟ್ಟ ಲೆಸೊಥೊ ಅದಕ್ಕೆ ಮನ್ನಣೆ ಕೊಡಲಿಲ್ಲ. ಆ ಕಡೆಯ ಗಡಿಯ ದಾರಿಗಳು ಮುಚ್ಚಿದವು. ತಮ್ಮದೇ ದೇಶದ ಇನ್ನೊಂದು ಭಾಗಕ್ಕೆ ಹೋಗಲು ಪಕ್ಕದ ನೆಲವನ್ನೇ ದಾಟುತ್ತಿದ್ದ ಗುಡ್ಡಗಾಡಿನ ಜನ ಸಿಕ್ಕಿಬಿದ್ದರು. ಫರಾ ಒಂದು ತಂಡ ಕಟ್ಟಿಕೊಂಡು ಹೋಗಿ, ರಸ್ತೆಗೆಷ್ಟು, ದವಸ ಕೂಡಿಡಲು ಎಷ್ಟು ಎಂದು ಬಾಬ್ತುವಾರು ಲೆಕ್ಕ ಹಾಕಿ ವರದಿ ಕೊಟ್ಟರು. ಭಾಷಣದಲ್ಲಿ ಮರುಕ ತೋರಿಸಿದವರನ್ನು ಮುಂದೆ ಕೂರಿಸಿ ರಸ್ತೆಯ ಖರ್ಚು ಕೇಳಲು ಅಂಥ ಲೆಕ್ಕವೇ ಬೇಕು.

1990ರಲ್ಲಿ ಮಂಡೇಲಾ ಬಿಡುಗಡೆಯಾದ ಕೆಲವೇ ತಿಂಗಳಿಗೆ ದಕ್ಷಿಣ ಆಫ್ರಿಕಾಕ್ಕೆ ಹೋದ ವಿಶ್ವಸಂಸ್ಥೆಯ ತಂಡದ ನಾಯಕರೂ ಅವರೇ. ಇಪ್ಪತ್ತೈದು ವರ್ಷ ಬಾಗಿಲಿನ ಹೊರಗಿನಿಂದಲೇ ವಾದಿಸಿದ್ದ ದೇಶದೊಳಗೆ, ಎಪ್ಪತ್ತರ ವಯಸ್ಸಿನಲ್ಲಿ. ಮರುವರ್ಷದ ಜನವರಿಯಲ್ಲಿ ಅವರ ಸ್ವಂತ ದೇಶದ ಸರ್ಕಾರ ಕುಸಿದುಬಿತ್ತು. ಅವರು ತೀರಿಕೊಂಡದ್ದು 2018ರಲ್ಲಿ.

ನಿನಗೆ ಲಂಡನ್ ಸಿಗಲಿ, ನೈಜರಿನ ನಿಯಾಮೆ ಸಿಗಲಿ, ಹೋದ ಮೊದಲ ವರ್ಷದಲ್ಲೇ ಒಂದು ವಿಷಯ ಆರಿಸಿಕೋ. ನೀರೋ, ಬಂದರೋ, ವಲಸೆಯೋ. ವರ್ಗವಾದರೂ ಅದನ್ನು ಜೊತೆಗೆ ಒಯ್ಯು. ಅಲ್ಲಿಯವರೆಗೆ, ಲೆಸೊಥೊ ವರದಿಯನ್ನು ಹುಡುಕಿ ಓದು. ವಿಶ್ವಸಂಸ್ಥೆಯ ಡಿಜಿಟಲ್ ಗ್ರಂಥಾಲಯದಲ್ಲಿ ಅಂಥ ದಾಖಲೆಗಳು ಬಿಟ್ಟಿಯಾಗಿ ಸಿಗುತ್ತವೆ. ಮುನ್ನುಡಿ ಬಿಟ್ಟು, ರಸ್ತೆಯ ಲೆಕ್ಕದಿಂದ ಶುರುಮಾಡು. ಅರ್ಥವಾಗದ ಕಡೆ ಗುರುತು ಹಾಕಿಕೊಂಡು ಭಾನುವಾರ ಫೋನ್ ಮಾಡು.