ಸೌರ ವಿದ್ಯುತ್ತು ಮತ್ತು ಗ್ರಾಮೀಣ ಜಾಲದ ಸ್ಥಿತಿ ಅಂದಾಜು

ಅಣ್ಣಿಗೇರಿ, ನವಲಗುಂದ ಭಾಗದಲ್ಲಿ ಹತ್ತಿ ಜಿನ್ನಿಂಗ್ ಚಳಿಗಾಲದ ಹಂಗಾಮಿನ ಉದ್ಯೋಗ. ಬಿಸಿಲು ಪ್ರಖರವಾಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಯಂತ್ರಗಳು ನಿಂತಿರುತ್ತವೆ. ಚಾವಣಿಯ ಮೇಲೆ ಸೌರಫಲಕ ಅಳವಡಿಸಿದ ಉದ್ದಿಮೆದಾರನಿಗೆ ಈ ಹೊಂದಾಣಿಕೆಯ ಕೊರತೆಯೇ ನಷ್ಟ ತರಬಲ್ಲದು.

ಒಂದು ಲೆಕ್ಕವನ್ನು ನೋಡಬಹುದು. ಪರಿವರ್ತಕದಿಂದ ಕಾರ್ಖಾನೆಯವರೆಗಿನ ತಂತಿಯ ರೋಧ ಪ್ರತಿ ಫೇಸಿಗೆ 0.4 ಓಂ ಎಂದೂ, ಮೂರು ಫೇಸುಗಳಲ್ಲಿ 30 ಕಿಲೋವ್ಯಾಟ್ ಹೊರಹೋಗುತ್ತಿದೆಯೆಂದೂ ಭಾವಿಸೋಣ. ಪ್ರತಿ ಫೇಸಿನಲ್ಲಿ ಸುಮಾರು 43 ಆಂಪಿಯರ್ ಹರಿದು, ಒತ್ತಡ 17 ವೋಲ್ಟ್ ಏರುತ್ತದೆ. ಪರಿವರ್ತಕದ ಬಳಿ 238 ವೋಲ್ಟ್ ಇದ್ದರೆ ಕಾರ್ಖಾನೆಯಲ್ಲಿ 255. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳಂತೆ ನಿಗದಿತ ಒತ್ತಡದ ಶೇ. 110, ಅಂದರೆ 253 ವೋಲ್ಟ್ ಮೀರಿದೊಡನೆ ಇನ್ವರ್ಟರ್ ಜಾಲದಿಂದ ಕಳಚಿಕೊಳ್ಳಬೇಕು. ಅದೇ ಹೊತ್ತಿಗೆ ಕಾರ್ಖಾನೆಯೇ 20 ಕಿಲೋವ್ಯಾಟ್ ಬಳಸುತ್ತಿದ್ದರೆ ಒತ್ತಡ 244ರಲ್ಲಿ ನಿಲ್ಲುತ್ತಿತ್ತು. ಉತ್ಪಾದನೆ ತಪ್ಪಿದ ಯೂನಿಟ್‌ಗಳಿಗೆ ಬಿಲ್ಲಿನಲ್ಲಿ ಜಮೆ ದೊರೆಯದು.

ಪರಿವರ್ತಕದ ಟ್ಯಾಪ್ ಇಳಿಸಿದರೆ ಸಾಕಲ್ಲವೇ ಎಂಬುದು ಸಹಜ ಪ್ರಶ್ನೆ. ಆದರೆ ಸೂರ್ಯಾಸ್ತದ ನಂತರ ಅದೇ ತಂತಿಯ ತುದಿಯಲ್ಲಿ ಒತ್ತಡ ಕುಸಿದು, ಹಿಟ್ಟಿನ ಗಿರಣಿಯ ಮೋಟಾರು ಬಿಸಿಯಾಗುತ್ತದೆ. ಎರಡೂ ಹೊತ್ತಿನ ಸ್ಥಿತಿ ತಿಳಿಯದೆ ಟ್ಯಾಪ್ ಮುಟ್ಟುವುದು ಕತ್ತಲಲ್ಲಿ ತಡಕಾಡಿದಂತೆ.

ಉಪಕೇಂದ್ರದ ಮೀಟರು ಫೀಡರಿನ ನಿವ್ವಳ ಹರಿವನ್ನು ಮಾತ್ರ ತೋರಿಸುತ್ತದೆ. ಬೇಡಿಕೆ 2 ಮೆಗಾವ್ಯಾಟ್, ಸೌರ ಉತ್ಪಾದನೆ 1.4 ಇದ್ದರೆ ಕಾಣುವುದು 0.6 ಮಾತ್ರ, ಮೋಡ ಕವಿದಾಗ ಉಳಿದದ್ದು ಹಠಾತ್ತನೆ ಮೇಲೆದ್ದು ಬರುತ್ತದೆ. ಕಾಣದ್ದನ್ನು ಕಂಡದ್ದರಿಂದ ಲೆಕ್ಕಹಾಕುವ ವಿಧಾನವನ್ನು ಪ್ರಸರಣ ಜಾಲಗಳಿಗಾಗಿ 1970ರಲ್ಲಿ ಅಮೆರಿಕದ ಫ್ರೆಡ್ ಶ್ವೆಪ್ಪೆ ರೂಪಿಸಿದರು. ನಂಬಿಕೆಗೆ ಅರ್ಹವಾದ ಅಳತೆಗೆ ಹೆಚ್ಚು ತೂಕ, ಊಹೆಗೆ ಕಡಿಮೆ ತೂಕ ಎಂಬುದು ಅದರ ತಿರುಳು. ಪ್ರಸರಣ ಜಾಲದಲ್ಲಿ ಅಳತೆಗಳು ಹೇರಳ; ಹಳ್ಳಿಯ ವಿತರಣಾ ಜಾಲದಲ್ಲಿ ವಿರಳ. ಆದ್ದರಿಂದ ಇಲ್ಲಿ ಮಾಸಿಕ ಬಿಲ್ಲಿನಿಂದ ಊಹಿಸಿದ ಬಳಕೆಯನ್ನೇ ಅಳತೆಯೆಂದು ಸೇರಿಸಬೇಕಾಗುತ್ತದೆ. ಜಿನ್ನಿಂಗ್ ಕಾರ್ಖಾನೆಯ ಜನವರಿ ಬಿಲ್ಲನ್ನು ಆಧರಿಸಿ ಮೇ ತಿಂಗಳ ಮಧ್ಯಾಹ್ನವನ್ನು ಊಹಿಸಿದರೆ ಲೆಕ್ಕ ತಪ್ಪದೆ ಇದ್ದೀತೇ?

ಉದ್ದಿಮೆದಾರನ ಬಳಿ ಇರುವ ಮಾಹಿತಿಗೆ ಬೆಲೆ ಬರುವುದು ಇಲ್ಲಿಯೇ. ಇನ್ವರ್ಟರ್ ತಾನೇ ದಾಖಲಿಸುವ ಒತ್ತಡ ಹಾಗೂ ಕಳಚಿಕೊಂಡ ಸಮಯಗಳನ್ನು ಫೇಸುವಾರು ತೆಗೆದಿಟ್ಟು, ಯಂತ್ರ ನಡೆದ ದಿನಗಳನ್ನೂ ರಜೆಯ ದಿನಗಳನ್ನೂ ಬೇರೆಬೇರೆ ಗುರುತಿಸಿ, ಹೆಸ್ಕಾಂ ಉಪವಿಭಾಗಕ್ಕೆ ದೂರಿನೊಡನೆ ಲಗತ್ತಿಸಬಹುದು. “ವೋಲ್ಟೇಜ್ ಸರಿಯಿಲ್ಲ” ಎಂಬ ಒಂದು ಸಾಲಿನ ಅರ್ಜಿಗಿಂತ ಒಂದು ವಾರದ ಇಂಥ ದಾಖಲೆ ಅಭಿಯಂತರರಿಗೆ ಹೆಚ್ಚು ಉಪಯುಕ್ತ.