ತಿಕೋಟಾ ರಸ್ತೆಯ ಎಳೆಯ ಸೈಕ್ಲಿಸ್ಟುಗಳು: ಹಂಗಾಮಿನ ಆರಂಭದಲ್ಲಿ ಅವರನ್ನು ಗಮನಿಸುವ ಬಗೆ

ಮಳೆಗಾಲವು ಹಿಂದೆ ಸರಿದು ಹಿಂಗಾರಿ ಬಿತ್ತನೆಯ ಗಡಿಬಿಡಿ ಮೊದಲಾಗುವ ಹೊತ್ತಿಗೆ, ವಿಜಯಪುರದಿಂದ ಹೊರಡುವ ಹೆದ್ದಾರಿಗಳ ಅಂಚಿನಲ್ಲಿ ನಸುಕಿನಲ್ಲಿಯೇ ಸಾಲುಗಟ್ಟಿ ಸಾಗುವ ಸೈಕಲ್ಲುಗಳನ್ನು ಕಾಣದವರು ಈ ಪ್ರಾಂತದಲ್ಲಿ ವಿರಳ. ಆದರೆ ಕಂಡವರಲ್ಲಿ ಬಹುಮಂದಿ ‘ಹಾಸ್ಟೆಲ್ ಹುಡುಗರು’ ಎಂದಷ್ಟೇ ನುಡಿದು ಚಹಾದಂಗಡಿಯತ್ತ ತಿರುಗುವರೇ ಹೊರತು, ಆ ಸಾಲಿನಲ್ಲಿ ಮೂರನೆಯವನಾಗಿ ತಲೆ ತಗ್ಗಿಸಿ ಸಾಗುತ್ತಿರುವ ಬಾಲಕನು ಕಳೆದ ವರ್ಷ ಎಲ್ಲಿದ್ದನು, ಮುಂದಿನ ವರ್ಷ ಎಲ್ಲಿರುವನು ಎಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಪದಕ ಬಂದ ಮರುದಿನ ಪತ್ರಿಕೆಯಲ್ಲಿ ಭಾವಚಿತ್ರ ಕಂಡಾಗ ಮಾತ್ರ ‘ನಮ್ಮೂರವನೇ’ ಎಂಬ ಅಭಿಮಾನವು ಉಕ್ಕುವುದು. ಅಮೆರಿಕದ ಬೇಸ್‌ಬಾಲ್ ರಸಿಕರಲ್ಲಿ ಇದಕ್ಕೆ ವಿರುದ್ಧವಾದ ಒಂದು ಸ್ವಾರಸ್ಯದ ರೂಢಿಯುಂಟು: ತಮ್ಮ ತಂಡದ ಕೆಳ ಮೆಟ್ಟಿಲುಗಳಲ್ಲಿ, ಸಿಂಗಲ್-ಎ, ಡಬಲ್-ಎ, ಟ್ರಿಪಲ್-ಎ ಎಂಬ ಕಿರಿಯ ಲೀಗುಗಳಲ್ಲಿ, ಆಡುತ್ತಿರುವ ತರುಣರನ್ನು ಅವರು ವಸಂತದ ಮೊದಲ ಪಂದ್ಯದಿಂದಲೇ ಹೆಸರಿಟ್ಟು ಹಿಂಬಾಲಿಸುವರು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಸೈಕ್ಲಿಂಗ್ ಕ್ರೀಡಾನಿಲಯವುಳ್ಳ, 2024ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ಪನ್ನೇ ಬರಮಾಡಿಕೊಂಡ ನಮ್ಮ ಊರಿಗೆ ಆ ರೂಢಿಯು ಚೆನ್ನಾಗಿ ಒಪ್ಪತಕ್ಕದ್ದೆಂದು ನನ್ನ ಎಣಿಕೆ.

ಮೊದಲ ಕೆಲಸವೆಂದರೆ ಒಂದು ನೋಟ್‌ಬುಕ್ ಇಡುವುದು. ಜಿಲ್ಲಾ ಹಾಗೂ ರಾಜ್ಯಮಟ್ಟದ ಆಯ್ಕೆ ಸ್ಪರ್ಧೆಗಳ ಫಲಿತಾಂಶ ಪತ್ರಿಕೆಯಲ್ಲಿ ಬಂದಾಗ, ಮೊದಲ ಮೂರು ಹೆಸರುಗಳಿಗೆ ತೃಪ್ತರಾಗದೆ, ಸಿಕ್ಕಷ್ಟು ಹೆಸರುಗಳನ್ನು ವಯೋವರ್ಗಕ್ಕೊಂದು ಪುಟದಂತೆ ಬರೆದುಕೊಳ್ಳಿ: 14ರ ಕೆಳಗಿನವರು, 16ರ ಕೆಳಗಿನವರು, 18ರ ಕೆಳಗಿನ ಜೂನಿಯರುಗಳು, 23ರ ಕೆಳಗಿನವರು, ಬಳಿಕ ಎಲೀಟ್. ಹೆಸರಿನ ಪಕ್ಕದಲ್ಲಿ ಹುಟ್ಟಿದ ವರ್ಷ ಮಾತ್ರವಲ್ಲ, ತಿಳಿದರೆ ತಿಂಗಳನ್ನೂ ಗುರುತಿಸುವುದು ಲೇಸು. ಸೈಕ್ಲಿಂಗಿನಲ್ಲಿ ವಯಸ್ಸನ್ನು ಇಸವಿಯ ಲೆಕ್ಕದಲ್ಲಿ ಹಿಡಿಯುವುದರಿಂದ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ವರ್ಗದಲ್ಲಿ ನಿಲ್ಲುವರು. ಹದಿಮೂರರ ಪ್ರಾಯದಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ತೊಡೆಯ ಬಲದಲ್ಲಿ, ಕಾಲಿನ ಉದ್ದದಲ್ಲಿ ಕಣ್ಣಿಗೆ ಕಾಣುವ ಅಂತರ. ಆದುದರಿಂದ ಡಿಸೆಂಬರಿನವನು ಐದನೆಯವನಾಗಿ ಬಂದರೆ, ಅದನ್ನು ಗೆದ್ದವನ ಗೆಲುವಿಗಿಂತ ಕಡಿಮೆಯೆಂದು ಎಣಿಸಬೇಡಿ. ಬಾಲಕಿಯರ ಪುಟವನ್ನು ಕೊನೆಗೆ ತಳ್ಳುವ ದುರಭ್ಯಾಸವೂ ಬೇಡ; ವಿಜಯಪುರ, ಬಾಗಲಕೋಟೆ ಕಡೆಯ ಹುಡುಗಿಯರು ಈ ರಾಜ್ಯಕ್ಕೆ ತಂದಿರುವ ಪದಕಗಳು ಅಲ್ಪವಲ್ಲ.

ಎರಡನೆಯದು ನಿಲ್ಲುವ ಸ್ಥಳದ ಆಯ್ಕೆ. ಅಥಣಿ ಮಾರ್ಗದಲ್ಲಿ ಸುಮಾರು 20 ಕಿ.ಮೀ. ಪಶ್ಚಿಮಕ್ಕೆ ತಿಕೋಟಾ ಇದೆ. ಜಮಖಂಡಿಯ ಕಡೆ ನೈಋತ್ಯಕ್ಕೆ ಹೊರಟರೆ ಸುಮಾರು 25 ಕಿ.ಮೀ.ಗೆ ಬಬಲೇಶ್ವರ. ಇವೆರಡರಲ್ಲಿ ಹೊಸಬರಿಗೆ ನಾನು ತಿಕೋಟಾ ರಸ್ತೆಯನ್ನೇ ಸೂಚಿಸುವೆನು. ಬಬಲೇಶ್ವರದ ದಾರಿಯಲ್ಲಿ ಕಬ್ಬು ನುರಿಸುವ ಕಾಲ ಬಂದಿತೆಂದರೆ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಯ ಮುಕ್ಕಾಲು ಪಾಲನ್ನು ಆಕ್ರಮಿಸುವುದರಿಂದ, ಸವಾರರ ಲಯವು ಪದೇ ಪದೇ ಮುರಿಯುವುದು, ನೋಡುವವನ ಲೆಕ್ಕವೂ ಕೆಡುವುದು. ಎದುರುಬದುರಾಗಿ ಕಾಣುವ ಎರಡು ಕಿಲೋಮೀಟರ್ ಕಲ್ಲುಗಳ ನಡುವಿನ ನೇರ ದಾರಿಯನ್ನು ಆರಿಸಿ, ಡಾಂಬರಿನಿಂದ ದೂರ ಸರಿದು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಲ್ಲಿ. ಒಂದು ಕಿ.ಮೀ.ಗೆ 90 ಸೆಕೆಂಡ್ ಹಿಡಿದರೆ ವೇಗವು ಗಂಟೆಗೆ 40 ಕಿ.ಮೀ.; 80 ಸೆಕೆಂಡಾದರೆ 45; 72 ಆದರೆ 50. ಮೋಟಾರ್ ಸೈಕಲ್ ಏರಿ ಅವರ ಪಕ್ಕದಲ್ಲೇ ಸಾಗಿ ವಿಡಿಯೋ ತೆಗೆಯುವ ಉತ್ಸಾಹಿಗಳಿಗೆ ಒಂದು ಮಾತು: ಅದು ಮಕ್ಕಳ ಪ್ರಾಣಕ್ಕೆ ಅಪಾಯ; ಅದಲ್ಲದೆ ವಾಹನವು ಗಾಳಿಯನ್ನು ಸೀಳುವುದರಿಂದ ನೀವು ಅಳೆಯುವ ವೇಗವೂ ಅವರದಾಗಿ ಉಳಿಯುವುದಿಲ್ಲ.

ಗಾಳಿಯ ಪ್ರಸ್ತಾಪ ಬಂದುದರಿಂದ ಇಲ್ಲಿ ತುಸು ತಡೆದು ನಿಲ್ಲಬೇಕು. ಏಕೆಂದರೆ ಹಂಗಾಮಿನ ಆರಂಭದಲ್ಲಿ ನೋಡುವವರನ್ನು ಅದರಷ್ಟು ಮೋಸಗೊಳಿಸುವುದು ಬೇರೊಂದಿಲ್ಲ. ಮುಂಗಾರಿನಲ್ಲಿ ಈ ಬಯಲಿನ ಮೇಲೆ ಪಡುವಣ ಗಾಳಿ ಬೀಸುವುದು. ಹಿಂಗಾರು ನೆಲೆಗೊಂಡ ಮೇಲೆ ಮೂಡಣದಿಂದ, ಈಶಾನ್ಯದಿಂದ. ಎಂದರೆ ನವೆಂಬರಿನ ಮುಂಜಾನೆ ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಬಾಲಕನ ಬೆನ್ನಿಗೆ ಗಾಳಿಯಿರುವುದು. ಅವನ ವೇಗವನ್ನು ಕಂಡು ‘ಇವನೇ ನಾಳಿನ ಚಾಂಪಿಯನ್’ ಎಂದು ನೋಟ್‌ಬುಕ್ಕಿನಲ್ಲಿ ಬರೆದವರು, ಅವನೇ ಮರಳಿ ಬರುವಾಗ ಎದುರುಗಾಳಿಯನ್ನೂ ಕಣ್ಣಿಗೆ ಕುಕ್ಕುವ ಎಳೆಬಿಸಿಲನ್ನೂ ಒಟ್ಟಿಗೆ ಎದುರಿಸುತ್ತ ಏದುಸಿರು ಬಿಡುವುದನ್ನು ನೋಡುವವರೆಗೆ ತಾಳಬೇಕಾಗಿತ್ತು. ಅದೇ ಕಲ್ಲುಗಳ ನಡುವೆ ಹೋಗುವಾಗ 80 ಸೆಕೆಂಡ್, ಬರುವಾಗ 100 ಸೆಕೆಂಡ್ ಆಯಿತೆನ್ನಿ; ಎರಡು ವೇಗಗಳನ್ನು ಕೂಡಿಸಿ ಭಾಗಿಸದೆ, ಸೆಕೆಂಡುಗಳನ್ನೇ ಕೂಡಿಸಿ. 2 ಕಿ.ಮೀ.ಗೆ 180 ಸೆಕೆಂಡ್, ಎಂದರೆ ಗಂಟೆಗೆ ಸರಿಯಾಗಿ 40 ಕಿ.ಮೀ. ಗಾಳಿಯ ದಿಕ್ಕನ್ನು ತಿಳಿಯಲು ಯಂತ್ರವೇನೂ ಬೇಡ; ರಸ್ತೆ ಬದಿಯ ಗುಡಿಯ ಧ್ವಜವನ್ನೋ ದರ್ಗಾದ ಹಸಿರು ನಿಶಾನೆಯನ್ನೋ ನೋಡಿ, ಪ್ರತಿ ದಾಖಲೆಯ ಪಕ್ಕದಲ್ಲಿ ಒಂದು ಬಾಣದ ಗುರುತು ಹಾಕಿದರೆ ಸಾಕು. ಬಾಣವಿಲ್ಲದ ಅಂಕಿಗೆ ಬೆಲೆಯಿಲ್ಲ.

ಇನ್ನು ನೋಡತಕ್ಕದ್ದೇನು? ಒಬ್ಬನ ಬಲ ಮಂಡಿಯ ಮೇಲೆ ಕಣ್ಣಿಟ್ಟು, ಅದು 15 ಸೆಕೆಂಡುಗಳಲ್ಲಿ ಎಷ್ಟು ಬಾರಿ ಮೇಲೇಳುವುದೆಂದು ಎಣಿಸಿ ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ ತೊಂಬತ್ತರ ಆಚೀಚೆ ಸುತ್ತುವ ಕಾಲು ಪಳಗಿದ ಕಾಲು. ದೊಡ್ಡ ಗೇರು ಹಾಕಿ ಅರವತ್ತರಲ್ಲಿ ತುಳಿಯುವವನು ಇಂದು ಮುಂದಿದ್ದರೂ ಏರಿನಲ್ಲಿ, ತಿರುವಿನ ಬಳಿಕದ ಓಟದಲ್ಲಿ, ಹಿಂದೆ ಬೀಳುವ ಸಂಭವ ಹೆಚ್ಚು. ಸೊಂಟದಿಂದ ಕೆಳಗೆ ಅಷ್ಟು ದುಡಿಮೆ ನಡೆಯುತ್ತಿರುವಾಗಲೂ ಹೆಗಲು ಅಲುಗದೆ, ಮೊಣಕೈ ಸಡಿಲವಾಗಿ, ಮುಖದಲ್ಲಿ ಗಂಟಿಲ್ಲದೆ ಸಾಗುವವನ ಹೆಸರಿಗೆ ಅಡಿಗೆರೆ ಹಾಕಿ. ಅದಕ್ಕಿಂತ ಮುಖ್ಯವಾದ ಮಾತೊಂದುಂಟು: ಸಾಲಿನಲ್ಲಿ ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಹೋಗುವವನಿಗೆ ನಾಲ್ಕನೆಯ ಒಂದು ಪಾಲಿನಿಂದ ಮೂರನೆಯ ಒಂದು ಪಾಲಿನಷ್ಟು ಶ್ರಮ ಉಳಿಯುವುದು. ಆದ್ದರಿಂದ ಎದುರುಗಾಳಿಯಲ್ಲಿ ಯಾರು ಎಷ್ಟು ಹೊತ್ತು ಮುಂದೆ ನಿಂತು ಎಳೆಯುವರು, ಸರದಿ ಮುಗಿದೊಡನೆ ಪಕ್ಕಕ್ಕೆ ಸರಿದು ಬಾಲಕ್ಕೆ ಸೇರುವಾಗ ಯಾರು ತೊಳಲದೆ ಚಕ್ರವನ್ನು ಹಿಡಿಯುವರು, ಯಾರು ಸರದಿಯನ್ನೇ ತಪ್ಪಿಸಿ ಕೊನೆಯ ನೂರು ಮೀಟರಿನಲ್ಲಿ ಜಿಗಿಯುವರು ಎಂಬುದನ್ನೆಲ್ಲ ಗುರುತಿಸಿಕೊಳ್ಳಿ. ಕೊನೆಯ ಬಗೆಯವರು ನನಗೆ ಪ್ರಿಯರಲ್ಲ. ಆದರೆ ಪಂದ್ಯ ಗೆಲ್ಲುವವರಲ್ಲಿ ಅವರೂ ಇರುವರೆಂಬುದನ್ನು ಒಪ್ಪದೆ ಗತ್ಯಂತರವಿಲ್ಲ.

ಜಾತ್ರೆ, ಉರುಸು, ಉತ್ಸವಗಳಲ್ಲಿ ಹಳ್ಳಿಗಳವರು ನಡೆಸುವ ಸೈಕಲ್ ಪಂದ್ಯಗಳನ್ನೂ ಬಿಡಬೇಡಿ. ಸಾದಾ ಸೈಕಲ್ಲಿನ ಮೇಲೆ ಬರಿಗಾಲಿನಲ್ಲಿ ತುಳಿಯುವ ಹುಡುಗನು ಕ್ರೀಡಾನಿಲಯದ ಕಣ್ಣಿಗೆ ಬೀಳುವುದು ಹಲವು ಬಾರಿ ಅಂಥಲ್ಲಿಯೇ. ಅಲ್ಲಿನ ಸಮಯವನ್ನು ಮಾತ್ರ ನಂಬಬೇಡಿ. ದೂರವನ್ನು ಅಳೆಯುವವರು ಸಾಮಾನ್ಯವಾಗಿ ಯಾರದೋ ಬೈಕಿನ ಮೀಟರನ್ನು ಆಶ್ರಯಿಸಿರುವರು.

ಫಲಿತಾಂಶದ ಹಾಳೆಯನ್ನು ಓದುವುದು ಮುಂದಿನ ಮೆಟ್ಟಿಲು. ಟೈಮ್ ಟ್ರಯಲಿನಲ್ಲಿ ಸವಾರರನ್ನು ಒಬ್ಬೊಬ್ಬರನ್ನಾಗಿ, ಸಮನಾದ ಅಂತರದಲ್ಲಿ, ಬಿಡುವರು. ಇನ್ನೊಬ್ಬನ ಮರೆಯಲ್ಲಿ ಸಾಗುವುದು ಅಲ್ಲಿ ನಿಷಿದ್ಧ. ಹಾಗಾಗಿ ಆ ಸಮಯವು ಅವನ ಸ್ವಂತ ಗಳಿಕೆ. ಎಲ್ಲರೂ ಒಮ್ಮೆಗೇ ಹೊರಡುವ ಮಾಸ್ ಸ್ಟಾರ್ಟಿನಲ್ಲಾದರೋ, ಗುಂಪಾಗಿ ಗೆರೆ ದಾಟಿದವರಿಗೆಲ್ಲ ಒಂದೇ ಸಮಯ ಬರೆಯುವುದರಿಂದ, ಹದಿನೆಂಟನೆಯವನಿಗೂ ಮೊದಲನೆಯವನಿಗೂ ಅಂಕಿಯಲ್ಲಿ ಭೇದವೇ ಕಾಣದಿರಬಹುದು. ‘ಡಿಎನ್‌ಎಫ್’ ಎಂದರೆ ಹೊರಟು ಮುಗಿಸಲಿಲ್ಲ, ‘ಡಿಎನ್‌ಎಸ್’ ಎಂದರೆ ಹೊರಡಲೇ ಇಲ್ಲ. ಮುಗಿಸದಿದ್ದವನನ್ನು ಹೊಡೆದುಹಾಕುವ ಮುನ್ನ ವಿಚಾರಿಸಿ. ಜಾಲಿಮುಳ್ಳು ಚುಚ್ಚಿ ಟ್ಯೂಬು ಇಳಿದದ್ದು ಅವನ ಕಾಲಿನ ದೋಷವಲ್ಲ.

ಆರಂಭದ ವಾರಗಳ ಅಂಕಿಗಳಿಗೆ ಒಂದು ಮಿತಿಯನ್ನೂ ಹಾಕಿಕೊಳ್ಳಬೇಕು. ಕೋಚುಗಳು ಈ ಅವಧಿಯಲ್ಲಿ ಮಕ್ಕಳನ್ನು ವೇಗಕ್ಕಲ್ಲ, ದೂರಕ್ಕೆ ಪಳಗಿಸುವರು. ದಣಿದ ಕಾಲಿನಿಂದ ಬಂದ ಮಂದ ಸಮಯವು ಒಳ್ಳೆಯ ತರಬೇತಿಯ ಚಿಹ್ನೆಯೂ ಆಗಿರಬಹುದು. ಒಂದೇ ತಾಣದಲ್ಲಿ, ಒಂದೇ ದಿಕ್ಕಿನ ಗಾಳಿಯಲ್ಲಿ, ವಾರಗಳ ಅಂತರದ ದಾಖಲೆಗಳನ್ನು ಹೋಲಿಸಿದ ಹೊರತು ತೀರ್ಪು ಕೊಡಬೇಡಿ. ಅರಳುವ ವಯಸ್ಸೂ ಎಲ್ಲರಿಗೆ ಒಂದೇ ಅಲ್ಲ: ಅಂಡಮಾನಿನ ಈಸೋ ಆಲ್ಬೆನ್ 2018ರಲ್ಲಿ ಸ್ವಿಟ್ಜರ್ಲೆಂಡಿನ ಏಗಲ್‌ನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕೈರಿನ್ ಎಂಬ ಟ್ರ್ಯಾಕ್ ಓಟದ ಬೆಳ್ಳಿ ಗೆದ್ದಾಗ ಇನ್ನೂ ಹದಿಹರೆಯದವನು. ಮರುವರ್ಷ ರೊನಾಲ್ಡೊ ಸಿಂಗ್ ಮೊದಲಾದವರೊಡನೆ ಟೀಮ್ ಸ್ಪ್ರಿಂಟಿನ ಚಿನ್ನವನ್ನೂ ತಂದನು. ಬೆಂಗಳೂರಿನ ನವೀನ್ ಜಾನ್ ಅವರಾದರೋ ಅಮೆರಿಕದಲ್ಲಿ ಓದುವ ಕಾಲದಲ್ಲಿ ಸೈಕ್ಲಿಂಗ್ ಹಿಡಿದು, ತಡವಾಗಿಯೇ ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆದವರು. ಈಸೋ ಸಾಧಿಸಿದ್ದು ಟ್ರ್ಯಾಕಿನ ಕ್ಷಣಿಕ ಸ್ಫೋಟದ ವಿದ್ಯೆ ಎಂಬುದೂ ನೆನಪಿರಲಿ. ನಮ್ಮ ಬಯಲು ಬೆಳೆಸುವುದು ದೂರದ ರಸ್ತೆಯ ದಮ್ಮನ್ನು. ಭೂತನಾಳದಲ್ಲಿ ವೆಲೋಡ್ರೋಮಿಗಾಗಿ, ಎಂದರೆ ಸೈಕಲ್ ಟ್ರ್ಯಾಕಿಗಾಗಿ, ಈ ಊರು ವರ್ಷಗಟ್ಟಲೆ ಕಾದು ರಸ್ತೆಯಲ್ಲಿಯೇ ಪಳಗಿರುವುದರಿಂದ, ರಸ್ತೆಯ ಅಂಕಿಯಿಂದ ಟ್ರ್ಯಾಕಿನ ಭವಿಷ್ಯವನ್ನು ಹೇಳಲು ಹೊರಡುವುದು ನ್ಯಾಯವಲ್ಲ.

ಕಡೆಯದಾಗಿ, ಎರಡು ಮೂರು ಹಂಗಾಮು ಹಿಂಬಾಲಿಸಿದ ಹೆಸರು ಒಂದು ದಿನ ಕರ್ನಾಟಕದ ಪಟ್ಟಿಯಲ್ಲಿ ಕಾಣದಾದರೆ, ಹುಡುಗನು ಸೈಕಲ್ ಬಿಟ್ಟನೆಂದು ಒಡನೆಯೇ ತೀರ್ಮಾನಿಸಬೇಡಿ. ಈ ಆಟದಲ್ಲಿ ಅನ್ನ ಸಿಗುವುದು ಕ್ರೀಡಾ ಕೋಟಾದ ನೌಕರಿಯಿಂದ. ಇಲ್ಲಿನ ಸೈಕ್ಲಿಸ್ಟುಗಳಲ್ಲಿ ಹಲವರು ರೈಲ್ವೆಗೋ ಸೇನೆಗೋ ಸೇರಿ ಆ ತಂಡಗಳ ಅಂಗಿ ತೊಡುವರು. ರಾಷ್ಟ್ರೀಯ ಸ್ಪರ್ಧೆಯ ಹಾಳೆಯಲ್ಲಿ ‘ಕೆಎಆರ್’ ಎಂಬ ಸಾಲುಗಳನ್ನು ಮುಗಿಸಿ, ರೈಲ್ವೆಯ ‘ಆರ್‌ಎಸ್‌ಪಿಬಿ’, ಸರ್ವಿಸಸ್‌ನ ‘ಎಸ್‌ಎಸ್‌ಸಿಬಿ’ ಎಂಬ ಸಾಲುಗಳಲ್ಲಿಯೂ ಬೆರಳಾಡಿಸಿ, ಸಿಕ್ಕ ಹೆಸರಿನ ಮುಂದೆ ಹೊಸ ತಂಡವನ್ನೂ ವರ್ಷವನ್ನೂ ಬರೆದು, ಅವನ ಹಳೆಯ ಪುಟದ ಸಂಖ್ಯೆಯನ್ನು ಪಕ್ಕದಲ್ಲಿ ನಮೂದಿಸಿಕೊಳ್ಳಿ.