ಆಚಾರ್ಯರ ಹೊಟ್ಟೆನೋವು

ತಮ್ಮಾ, ಮೊನ್ನೆ ಬಾಗಲವಾಡದಲ್ಲಿ ನಿಮ್ಮಕ್ಕನ ಕುಬಸಕ್ಕೆ ನೀನು ಬರಲಿಲ್ಲ. ಧಾರವಾಡದ ರೂಮಿನಿಂದ ಫೋನ್ ಮಾಡಿ ಜ್ವರ ಎಂದೆಯಂತೆ. ಜ್ವರ ಇರಲಿಲ್ಲ ಎಂಬುದು ನನಗೆ ಗೊತ್ತು. ಹೋದ ವರ್ಷದ ಮದುವೆಯಲ್ಲಿ, ಪಂಕ್ತಿಯಲ್ಲಿ ಕೂತಾಗ, ಎಲ್ಲರ ಎದುರು "ನೌಕರಿ ಯಾವಾಗ ಆಗ್ತದಪಾ?" ಎಂದು ಕೇಳಿದವನು ನಾನೇ. ನಿನ್ನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತ್ತು. ತಪ್ಪು ನನ್ನದು.

ನಮ್ಮ ಸೀಮೆಯದೇ ಒಂದು ಕಥೆ ಹೇಳುತ್ತೇನೆ. 18ನೇ ಶತಮಾನದಲ್ಲಿ ಮಾನ್ವಿ ಹತ್ತಿರದ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ಅಸಡ್ಡೆ. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದರೆ, ಹೊಟ್ಟೆನೋವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡರಂತೆ. ಆಮೇಲೆ ಆ ನೋವು ನಿಜವಾಗಿಯೇ ಬಂತು. ಯಾವ ಮದ್ದಿಗೂ ಬಗ್ಗಲಿಲ್ಲ. ಕೊನೆಗೆ ದೇವದುರ್ಗ ಕಡೆಯ ಮೊಸರಕಲ್ಲಿನ ಗೋಪಾಲದಾಸರ ಮುಂದೆ ಹೋಗಿ ತಲೆಬಾಗಿದ ಮೇಲೆಯೇ ಗುಣವಾಯಿತು ಎಂದು ಹಿರಿಯರು ಹೇಳುತ್ತಾರೆ. ಆ ಶ್ರೀನಿವಾಸಾಚಾರ್ಯರೇ ಮುಂದೆ ಜಗನ್ನಾಥದಾಸರಾದರು. ಹರಿಕಥಾಮೃತಸಾರವನ್ನು ಭಾಮಿನಿ ಷಟ್ಪದಿಯಲ್ಲಿ, ತಾವು ಕೀಳೆಂದಿದ್ದ ಅದೇ ಕನ್ನಡದಲ್ಲಿ ಬರೆದರು. ಅವರ ಪಾಂಡಿತ್ಯವನ್ನು ಹೊಗಳಿದ ಸಭೆಗಳನ್ನು ಇಂದು ಯಾರೂ ನೆನೆಯುವುದಿಲ್ಲ.

ಆಚಾರ್ಯರು ಅಭಿಮಾನಕ್ಕೆ ಸುಳ್ಳು ಹೇಳಿದರು, ನೀನು ನಾಚಿಕೆಗೆ ಹೇಳುತ್ತಿದ್ದೀ. ಮಂದಿಯ ಮುಂದೆ ಹಿಡಿದ ಮುಖವಾಡ ಒಳಗೆ ಬೇನೆಯಾಗುವುದು ಮಾತ್ರ ಇಬ್ಬರಿಗೂ ಒಂದೇ. ನನಗೆ ಅದರದೇ ಹೆದರಿಕೆ.

ನೌಕರಿಯೇ ಬೇಕೆನ್ನುವ ನಿಮ್ಮಪ್ಪನ ಮೇಲೆ ಸಿಟ್ಟಾಗಬೇಡ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಹೊಲ ಅವನದು; ನೀರು ಬಂದರೆ ಭತ್ತ, ಬರದಿದ್ದರೆ ಸಾಲ. ತಿಂಗಳು ತಿಂಗಳು ತಪ್ಪದೆ ಬರುವ ಪಗಾರ ಅವನಿಗೆ ತಪ್ಪದೆ ಬರುವ ನೀರಿದ್ದಂತೆ. 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಯಾಗಿ ನಮ್ಮ ಭಾಗದವರಿಗೆ ಸರ್ಕಾರಿ ಹುದ್ದೆ ಮೀಸಲಾದಾಗ, ಇನ್ನು ನನ್ನ ಮಗನಿಗೂ ಒಂದು ಕುರ್ಚಿ ಎಂದು ಅವನು ನಂಬಿದ. ಆ ನಂಬಿಕೆ ತಪ್ಪಲ್ಲ. ಆದರೆ ಕುರ್ಚಿಗಳು ಎಣಿಕೆಯವು, ಓದುವ ಮಕ್ಕಳು ಸಾವಿರಾರು. ಸಿಗದವರೆಲ್ಲ ಸೋತವರು ಎಂದರೆ ನಮ್ಮ ಊರೂರೇ ಸೋತಂತೆ.

ಓದು ಬಿಡು ಎನ್ನುವುದಿಲ್ಲ. ಇನ್ನೊಂದು ಸಲ ನೌಕರಿಯ ಪರೀಕ್ಷೆ ಬರೆಯಬೇಕೆಂದಿದ್ದರೆ ಬರೆ, ಆದರೆ ಅದು ಎಷ್ಟನೆಯದು, ಕೊನೆಯದು ಯಾವುದು ಎಂಬುದನ್ನು ನೀನೇ ನಿಶ್ಚಯಿಸು. ಪಂಪ್‌ಸೆಟ್ ಸುಟ್ಟರೆ ಓಣಿಯವರು ನಿನ್ನನ್ನು ಹುಡುಕಿಕೊಂಡು ಬರುತ್ತಿದ್ದರು, ನೆನಪಿದೆಯೇ? ನೀನು ಕಟ್ಟಿದ ಮೋಟರ್ ತಿರುಗಿ ನೀರೆತ್ತಿದ ದಿನ ನಿನ್ನ ಮುಖ ಹೇಗಿತ್ತೆಂದು ನಾನು ಕಂಡಿದ್ದೇನೆ. ಮೋಟರ್ ವೈಂಡಿಂಗ್ ಅಂಗಡಿ ಇಡುವ ಆಸೆಯನ್ನು ನನ್ನ ಮುಂದೆ ಒಮ್ಮೆ ಹೇಳಿ, ಅಪ್ಪನಿಗೆ ಹೇಳಬೇಡ ಎಂದಿದ್ದೆ. ಅದು ಮುಚ್ಚಿಡುವಂಥ ಆಸೆಯಲ್ಲ, ತಮ್ಮಾ.

ಎಳ್ಳಮವಾಸ್ಯೆಗೆ ಊರಿಗೆ ಬಾ. ಚರಗ ಚೆಲ್ಲಿ, ಹೊಲದಲ್ಲಿ ಊಟಕ್ಕೆ ಕೂತಾಗ ನಿಮ್ಮಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳು. ನಿನ್ನ ಪಕ್ಕದಲ್ಲೇ ನಾನು ಕೂತಿರುತ್ತೇನೆ. ಈ ಸಲ ನೌಕರಿಯ ಮಾತು ತೆಗೆಯುವುದಿಲ್ಲ.